ಸಿಜಿಲ್ಮಾಸಾದಿಂದ ವಲಾತಾಕ್ಕೆ: 1352ರ ಒಂದು ಸಾರ್ಥವನ್ನು ನಕ್ಷೆಗೆ ಇಳಿಸುವುದು

ಹಿಜರಿ 753ರ ಮುಹರ್ರಂ ತಿಂಗಳ ಮೊದಲ ದಿನ, ಅಂದರೆ 1352ರ ಫೆಬ್ರುವರಿ 18ರಂದು, ಮೊರೊಕ್ಕೊದ ತಾಫಿಲಾಲ್ತ್ ಓಯಸಿಸ್ಸಿನಲ್ಲಿದ್ದ ಸಿಜಿಲ್ಮಾಸಾ ಪಟ್ಟಣದಿಂದ ಒಂದು ಸಾರ್ಥ ದಕ್ಷಿಣಕ್ಕೆ ಹೊರಟಿತು. ಮುಂದಾಳು ಮಸ್ಸೂಫಾ ಕುಲದ ಅಬೂ ಮುಹಮ್ಮದ್ ಯಂದಕಾನ್. ಜೊತೆಗಿದ್ದ ವ್ಯಾಪಾರಿಗಳ ನಡುವೆ ಮೊರೊಕ್ಕೊದ ಪ್ರವಾಸಿ ಇಬ್ನ್ ಬತೂತಾ ಕೂಡ ಇದ್ದ. ಈ ಪಯಣಕ್ಕೆ ನಮಗಿರುವ ಮೂಲ ಅವನ ಪ್ರವಾಸಕಥನ. ತುಂಬಿದ ಎರಡು ತಿಂಗಳ ನಂತರ, ಮೂರನೇ ತಿಂಗಳು ರಬೀಉಲ್ ಅವ್ವಲ್ ಮೊದಲಾಗುವ ಹೊತ್ತಿಗೆ, ಅವರು ಈಗಿನ ಮಾರಿಟೇನಿಯಾದ ವಲಾತಾ ತಲುಪಿದರು. ಸಹಾರಾ ದಾಟಿದ ಮಧ್ಯಯುಗದ ಪಯಣಗಳಲ್ಲಿ ಇಷ್ಟು ಸ್ಪಷ್ಟವಾದ ದಿನಗಣನೆ ಉಳಿದಿರುವುದು ಅಪರೂಪ. ಸಾರ್ಥಮಾರ್ಗಗಳ ನಕ್ಷೆ ಬರೆಯಲು ಕಲಿಯುವವರು ಇಲ್ಲಿಂದಲೇ ಶುರು ಮಾಡುವುದು ಒಳ್ಳೆಯದು.

ಬಹಳ ಮಂದಿ ಮೊದಲ ದಿನವೇ ನಕ್ಷೆಯ ತಂತ್ರಾಂಶ ಕ್ಯೂಜಿಐಎಸ್ ತೆರೆದು ಎರಡು ಚುಕ್ಕೆಗಳ ನಡುವೆ ಗೆರೆ ಎಳೆಯುತ್ತಾರೆ. ಗೆರೆ ಕೊನೆಗೆ ಬರಬೇಕು, ಕೋಷ್ಟಕ ಮೊದಲು. ಒಂದು ಸಾಲಿಗೆ ಒಂದು ಹಂತ: ಎಲ್ಲಿಂದ, ಎಲ್ಲಿಗೆ, ಎಷ್ಟು ದಿನ, ನೀರು ಹೇಗಿತ್ತು, ಮೂಲದಲ್ಲಿ ಏನಿದೆ, ನಾವು ಊಹಿಸಿದ್ದು ಏನು. ಕೊನೆಯ ಎರಡು ಕಾಲಂಗಳನ್ನು ಬೇರೆ ಬೇರೆ ಇಡದಿದ್ದರೆ ಆರು ತಿಂಗಳ ನಂತರ ನಮ್ಮ ಊಹೆಯೇ ನಮಗೆ ದಾಖಲೆಯಂತೆ ಕಾಣತೊಡಗುತ್ತದೆ.

ಈ ಪಯಣದ ಕೋಷ್ಟಕ ಹೀಗೆ ತುಂಬುತ್ತದೆ. ಸಿಜಿಲ್ಮಾಸಾದಿಂದ ಉಪ್ಪಿನ ಗಣಿಯ ಊರು ತಗಾಝಾಕ್ಕೆ 25 ದಿನ. ಅಲ್ಲಿ 10 ದಿನ ತಂಗುವಿಕೆ. ಮುಂದೆ ನೀರು ಸಿಗುವುದೇ ಅಪರೂಪವಾದ 10 ದಿನದ ಹಾದಿ, ಅದರ ಕೊನೆಗೆ ತಸರಹ್ಲಾ ಎಂಬ ನೀರಿನ ತಾಣ. ಅಲ್ಲಿ ಸಾರ್ಥಗಳು ಮೂರು ದಿನ ನಿಲ್ಲುತ್ತಿದ್ದವು. ಎರಡು ಹಿಜರಿ ತಿಂಗಳ ಒಟ್ಟು 59 ದಿನಗಳಲ್ಲಿ ಇವಿಷ್ಟನ್ನು ಕಳೆದರೆ ತಸರಹ್ಲಾದಿಂದ ವಲಾತಾಕ್ಕೆ ಉಳಿಯುವುದು ಸುಮಾರು 11 ದಿನ. ಈ ಹನ್ನೊಂದು ಮೂಲದಲ್ಲಿ ಬರೆದಿರುವ ಅಂಕಿಯಲ್ಲ, ಕಳೆದು ಪಡೆದದ್ದು. ಹಾಗಾಗಿ ಅದು ಊಹೆಯ ಕಾಲಂಗೇ ಸೇರಬೇಕು.

ಈಗ ದೂರ. ಖಚಿತವಾಗಿ ಗೊತ್ತಿರುವ ಜಾಗಗಳು ಮೂರು: ರಿಸ್ಸಾನಿ ಪಟ್ಟಣದ ಪಕ್ಕದಲ್ಲಿರುವ ಸಿಜಿಲ್ಮಾಸಾದ ಅವಶೇಷ, ಉತ್ತರ ಮಾಲಿಯಲ್ಲಿರುವ ತಗಾಝಾದ ಪಾಳು, ಮತ್ತು ಇಂದಿಗೂ ಜನವಸತಿ ಇರುವ ವಲಾತಾ. ಮೊದಲ ಎರಡರ ನಡುವೆ ನೇರ ಗೆರೆಯಲ್ಲಿ ಸುಮಾರು 850 ಕಿಲೋಮೀಟರ್. 25ರಿಂದ ಭಾಗಿಸಿದರೆ ದಿನಕ್ಕೆ 34. ತಗಾಝಾದಿಂದ ವಲಾತಾಕ್ಕೆ ಸುಮಾರು 730, ನಡೆದ ದಿನ 10 ಮತ್ತು 11 ಸೇರಿ 21, ಅಂದರೆ ದಿನಕ್ಕೆ 35. ಎರಡು ಹಂತಗಳ ವೇಗ ಇಷ್ಟು ಹತ್ತಿರ ಬಂದಿರುವುದು ಆ ದಿನಗಣನೆಯ ಮೇಲೆ ನಂಬಿಕೆ ಹುಟ್ಟಿಸುತ್ತದೆ. ನೆಲದ ಮೇಲೆ ದಾರಿ ನೇರವಾಗಿರುವುದಿಲ್ಲ. ಅಂಕುಡೊಂಕಿಗೆ ನೂರಕ್ಕೆ 15 ಸೇರಿಸಿದರೆ ದಿನಕ್ಕೆ ಸುಮಾರು 40 ಕಿಲೋಮೀಟರ್ ಆಗುತ್ತದೆ. ಹೊರೆ ಹೊತ್ತ ಒಂಟೆ ಗಂಟೆಗೆ ನಾಲ್ಕು ಕಿಲೋಮೀಟರ್ ನಡೆಯುತ್ತದೆ ಎಂದುಕೊಂಡರೆ ಹತ್ತು ಗಂಟೆಯ ನಡಿಗೆ. ಕಷ್ಟದ್ದು, ಆದರೆ ಆಗುವಂಥದ್ದು. ಯಾವುದಾದರೂ ಹಂತಕ್ಕೆ ದಿನಕ್ಕೆ 60 ಬಂದರೆ ಒಂಟೆಗಳನ್ನು ಹೊಗಳಬೇಡಿ, ಜಾಗ ಗುರುತಿಸಿದ್ದು ಸರಿಯೇ ಎಂದು ಮತ್ತೆ ನೋಡಿ.

ಈ ಲೆಕ್ಕ ಹಾಕುವಾಗಲೇ ಹಲವರು ಎಡವುತ್ತಾರೆ. ತಂತ್ರಾಂಶದಲ್ಲಿ ಒಂದರ ಮೇಲೊಂದು ಹಾಸುವ ನಕ್ಷೆಗಳಿಗೆ ಪದರ ಎನ್ನುತ್ತಾರೆ. ಅಕ್ಷಾಂಶ ರೇಖಾಂಶಗಳ ಪದರದ ಮೇಲೆ ಉದ್ದ ಅಳೆದರೆ ಉತ್ತರ ಡಿಗ್ರಿಯಲ್ಲಿ ಬರುತ್ತದೆ, ಅದನ್ನು 111ರಿಂದ ಗುಣಿಸಿದರೆ ಪೂರ್ವ-ಪಶ್ಚಿಮದ ದೂರ ಹಿಗ್ಗುತ್ತದೆ. ಭೂಮಿಯನ್ನು ಉತ್ತರ-ದಕ್ಷಿಣ ಪಟ್ಟಿಗಳಾಗಿ (ವಲಯ) ಸೀಳಿ ಮೀಟರಿನಲ್ಲಿ ಅಳೆಯುವ ಯುಟಿಎಂ ಪದ್ಧತಿ ಬಳಸೋಣವೆಂದರೆ 29 ಮತ್ತು 30ನೇ ವಲಯಗಳ ಗಡಿಯಾದ ಪಶ್ಚಿಮ 6 ಡಿಗ್ರಿ ರೇಖೆ ಈ ಮಾರ್ಗವನ್ನೇ ಕತ್ತರಿಸುತ್ತದೆ: ತಗಾಝಾ ಒಂದು ವಲಯದಲ್ಲಿ, ವಲಾತಾ ಇನ್ನೊಂದರಲ್ಲಿ. ಉತ್ತರ 24, ಪಶ್ಚಿಮ 5.5 ಡಿಗ್ರಿಯನ್ನು ಕೇಂದ್ರವಾಗಿಟ್ಟು ಸ್ವಂತದ್ದೊಂದು ಸಮದೂರ ಪ್ರಕ್ಷೇಪ (ಕೇಂದ್ರದಿಂದ ದೂರ ಸರಿಯಾಗಿ ಉಳಿಯುವಂತೆ ದುಂಡು ಭೂಮಿಯನ್ನು ಚಪ್ಪಟೆ ಹಾಳೆಗೆ ಇಳಿಸುವ ಕ್ರಮ) ಮಾಡಿಕೊಂಡು, ಎಲ್ಲ ಪದರಗಳನ್ನೂ ಮೊದಲ ದಿನವೇ ಅದಕ್ಕೆ ತಂದುಬಿಡಿ.

ಬಾವಿಗಳಿಗಾಗಿ ಹಳೆಯ ಫ್ರೆಂಚ್ ನಕ್ಷೆಗಳ ಮೊರೆ ಹೋಗಲೇಬೇಕು. ಪಶ್ಚಿಮ ಆಫ್ರಿಕಾದ 1:200,000 ಹಾಳೆಗಳಲ್ಲಿ ಬಾವಿಯ ಹೆಸರಿನ ಜೊತೆ ಕೆಲವೆಡೆ ನೀರು ಸಿಹಿಯೋ ಉಪ್ಪೋ, ಬಾವಿ ಸತ್ತಿದೆಯೋ ಎಂಬುದೂ ಇರುತ್ತದೆ. ಇಂದಿನ ಉಪಗ್ರಹ ಚಿತ್ರ ಇದನ್ನು ಹೇಳಲಾರದು. ಆದರೆ ಅಂಚಿನ ಅಂಕಿಗಳನ್ನು ಓದುವಾಗ ಎಚ್ಚರ ಬೇಕು. ಹಳೆಯ ಫ್ರೆಂಚ್ ಹಾಳೆಗಳಲ್ಲಿ ರೇಖಾಂಶ ಗ್ರೀನಿಚ್‌ನಿಂದಲ್ಲದೆ ಪ್ಯಾರಿಸ್‌ನಿಂದ ಎಣಿಸಿರಬಹುದು. ಎರಡರ ನಡುವಿನ ಅಂತರ 2 ಡಿಗ್ರಿ 20 ನಿಮಿಷ 14 ಸೆಕೆಂಡು. ತಗಾಝಾದ ಅಕ್ಷಾಂಶದಲ್ಲಿ ಇದು ಸುಮಾರು 240 ಕಿಲೋಮೀಟರ್, ಅಂದರೆ ಸಾರ್ಥದ ಒಂದು ವಾರದ ನಡಿಗೆ. ಕೋನವನ್ನು ಡಿಗ್ರಿಯ ಬದಲು ಗ್ರೇಡ್‌ನಲ್ಲಿ ಕೊಟ್ಟ ಹಾಳೆಗಳೂ ಇವೆ. ಲಂಬಕೋನಕ್ಕೆ 90 ಅಲ್ಲ, 100. ಇವೆರಡೂ ಸರಿಹೋದ ಮೇಲೂ ನಕ್ಷೆ ನೂರಾರು ಮೀಟರ್ ಸರಿದು ನಿಂತರೆ, ಅದು ಕ್ಲಾರ್ಕ್ 1880 ದೀರ್ಘವೃತ್ತಜ ಎಂಬ ಭೂಮಿಯ ಆಕಾರದ ಮಾದರಿಯ ಮೇಲೆ ಕಟ್ಟಿದ ಹಳೆಯ ಡೇಟಂನ, ಅಂದರೆ ಅಳತೆಯ ಆಧಾರ ಚೌಕಟ್ಟಿನ, ಪರಿಣಾಮ. ಹಾಳೆಯನ್ನು ಇಂದಿನ ನಕ್ಷೆಯ ಮೇಲೆ ಕೂರಿಸುವಾಗ ಮರಳ ದಿಬ್ಬಗಳನ್ನು ಗುರುತಾಗಿ ಹಿಡಿಯಬೇಡಿ, ಅವು ನಿಂತಲ್ಲಿ ನಿಲ್ಲುವುದಿಲ್ಲ. ಬಂಡೆಯ ಕಡಿದಾದ ಅಂಚು, ಒಂಟಿ ಗುಡ್ಡ, ಒಣ ಕೆರೆಯಂಗಳದ ಕಲ್ಲುದಂಡೆ ಇವು ಸಾಕು. ಹಾಳೆಯ ನಾಲ್ಕೂ ಮೂಲೆಗೆ ಹರಡಿದಂತೆ ಹನ್ನೆರಡು ಗುರುತಾದರೂ ಇರಲಿ.

ಹಾಗೆ ಸಿಕ್ಕ ಬಾವಿ ಇಪ್ಪತ್ತನೆಯ ಶತಮಾನದ ಬಾವಿ ಎಂಬುದೂ ನೆನಪಿರಬೇಕು. ಹೂತುಹೋದ ಬಾವಿಯ ಹೆಸರನ್ನು ಹೊತ್ತು ಹೊಸದು ಬೇರೆಡೆ ಹುಟ್ಟಿರಬಹುದು. ಆದ್ದರಿಂದ ಬಾವಿಯನ್ನು ಚುಕ್ಕೆಯಾಗಿ ಅಲ್ಲ, ವೃತ್ತವಾಗಿ ಹಾಕುವುದು ಪ್ರಾಮಾಣಿಕತನ. ತಸರಹ್ಲಾ ಇದಕ್ಕೆ ಒಳ್ಳೆಯ ಉದಾಹರಣೆ. ಆ ಹೆಸರಿನ ಜಾಗ ಇಂದಿನ ನಕ್ಷೆಯಲ್ಲಿಲ್ಲ. ಅದು ಬೀರ್ ಅಲ್-ಕ್ಸೈಬ್ ಎಂಬ ಬಾವಿ ಇರಬೇಕೆಂದು ಹಲವು ವಿದ್ವಾಂಸರ ಊಹೆ. ತಗಾಝಾವನ್ನು ಕೇಂದ್ರವಾಗಿಟ್ಟು 350 ಕಿಲೋಮೀಟರ್ ತ್ರಿಜ್ಯದ ವೃತ್ತ ಎಳೆಯಿರಿ. ಹತ್ತು ದಿನದಲ್ಲಿ ಅದರಾಚೆ ಹೋಗುವುದು ಕಷ್ಟ. ಬೀರ್ ಅಲ್-ಕ್ಸೈಬ್ ಆ ಅಂಚಿಗಿಂತ ಸಾಕಷ್ಟು ಒಳಗೆ ಬೀಳುತ್ತದೆ. ಹಾಗಾದರೆ ಆ ಹತ್ತು ದಿನ ಸಾರ್ಥ ನಿಧಾನವಾಗಿ ನಡೆದಿರಬೇಕು. ಬರಹ ಅದಕ್ಕೆ ಕಾರಣವನ್ನೂ ಕೊಡುತ್ತದೆ: ಆ ವರ್ಷ ಮಳೆನೀರಿನ ಹೊಂಡಗಳು ಸಿಕ್ಕಿದ್ದವು, ಕೆಲವರು ಮುಂದೆ ಹೋಗಿ ಮೇವು ಕಂಡಲ್ಲಿ ಪ್ರಾಣಿಗಳನ್ನು ಮೇಯಿಸುತ್ತಿದ್ದರು, ಇಬ್ನ್ ಜೀರಿ ಎಂಬವನು ಹಿಂದುಳಿದು ಮರಳುಗಾಡಿನಲ್ಲಿ ಕಳೆದೇಹೋದ. ಆಮೇಲೆ ಯಾರೂ ಸಾಲು ಬಿಟ್ಟು ಮುಂದೆಯೂ ಹೋಗಲಿಲ್ಲ, ಹಿಂದೆಯೂ ಉಳಿಯಲಿಲ್ಲ.

ಉಳಿದ ಹನ್ನೊಂದು ದಿನ ಈ ನಕ್ಷೆಯ ಜೀವಾಳ. ತಸರಹ್ಲಾದಲ್ಲಿ ಮೂರು ದಿನ ನಿಲ್ಲುವುದು ಬರೀ ದಣಿವಾರಿಸಿಕೊಳ್ಳಲು ಅಲ್ಲ. ತೊಗಲುಚೀಲಗಳನ್ನು ರಿಪೇರಿ ಮಾಡಿ, ತುಂಬಿ, ಬಿಸಿಗಾಳಿಗೆ ಆರದಂತೆ ಒರಟು ಬಟ್ಟೆಯ ಹೊದಿಕೆ ಹೊಲಿಯುತ್ತಿದ್ದರು. ಇಲ್ಲಿಂದಲೇ ತಕ್ಷೀಫ್ ಹೊರಡುತ್ತಿದ್ದ. ಮಸ್ಸೂಫಾ ಕುಲದ ಈ ಒಂಟಿ ಸವಾರ ಸಾರ್ಥದವರ ಕಾಗದಗಳನ್ನು ಹೊತ್ತು ವಲಾತಾಕ್ಕೆ ಮುಂಚಿತವಾಗಿ ಹೋಗುತ್ತಿದ್ದ. ಅಲ್ಲಿಯ ಜನ ನಾಲ್ಕು ದಿನದ ದಾರಿ ಎದುರು ಬಂದು ನೀರು ಕೊಡುತ್ತಿದ್ದರು. ಅವನು ದಾರಿಯಲ್ಲಿ ಸತ್ತರೆ ಸುದ್ದಿ ತಲುಪುವುದಿಲ್ಲ, ಸಾರ್ಥದಲ್ಲಿ ಬಹುಪಾಲು ಜನ ಸಾಯುತ್ತಾರೆ. ಆ ಸಲದ ತಕ್ಷೀಫ್‌ಗೆ ನೂರು ಮಿತ್ಕಾಲ್ (ಚಿನ್ನ ತೂಗುವ ಆಗಿನ ಅಳತೆ) ಚಿನ್ನ ಕೊಟ್ಟಿದ್ದರು. ಸಾರ್ಥದ ದಾರಿಗಾರನಿಗಂತೂ ಒಂದು ಕಣ್ಣು ಹೋಗಿತ್ತು, ಇನ್ನೊಂದಕ್ಕೆ ರೋಗ. ಆದರೂ ಹಾದಿಯನ್ನು ಅವನಷ್ಟು ಬಲ್ಲವರಿರಲಿಲ್ಲ.

ಈ ವ್ಯವಸ್ಥೆಯನ್ನು ಅಂಕಿಗೆ ಇಳಿಸಿದಾಗ ನಕ್ಷೆ ತಾನಾಗಿ ಮಾತಾಡುತ್ತದೆ. ಹನ್ನೊಂದರಲ್ಲಿ ನಾಲ್ಕು ದಿನದ ದಾರಿಗೆ ಎದುರಿನಿಂದ ನೀರು ಬರುತ್ತದೆ, ಹಾಗಾಗಿ ಸಾರ್ಥ ಸ್ವಂತ ನೀರಿನಲ್ಲಿ ದಾಟಬೇಕಾದದ್ದು ಏಳು ದಿನ. ತಕ್ಷೀಫ್ ತಂಗುವಿಕೆಯ ಮೊದಲ ದಿನವೇ ಹೊರಟ ಎಂದಿಟ್ಟುಕೊಳ್ಳಿ. ಆಗ ಮೂರು ಸೇರಿಸು ಏಳು, ಹತ್ತನೇ ದಿನ ನೀರು ಆ ಜಾಗದಲ್ಲಿರಬೇಕು. ನೀರು ತರುವವರಿಗೆ ನಾಲ್ಕು ದಿನ ಬೇಕು. ಹಾಗಾದರೆ ಅವನಿಗೆ ಸಿಗುವುದು ಆರು ದಿನ. ಸಾರ್ಥ ಹನ್ನೊಂದು ದಿನದಲ್ಲಿ ನಡೆಯುವುದನ್ನು ಅವನು ಆರರಲ್ಲಿ, ಸುಮಾರು ಇಮ್ಮಡಿ ವೇಗದಲ್ಲಿ, ಒಬ್ಬನೇ ದಾಟಬೇಕು. ಸವಾರಿಗೆ ಪಳಗಿಸಿದ ಹಗುರ ಒಂಟೆಗೆ ಇದು ಸಾಧ್ಯ. ತಂಗುವಿಕೆ ಮುಗಿದ ಮೇಲೆ ಸಾರ್ಥದ ಜೊತೆಗೇ ಹೊರಟಿದ್ದರೆ ಉಳಿಯುವುದು ಮೂರೇ ದಿನ. ಅದು ಯಾವ ಒಂಟೆಗೂ ಆಗದ ಕೆಲಸ. ಆದ್ದರಿಂದ ಆ ಮೂರು ದಿನದ ನಿಲುಗಡೆ ಈ ಲೆಕ್ಕದ ಒಂದು ಅಂಗ. ನಕ್ಷೆಯಲ್ಲಿ ಅದನ್ನು ಬರೀ ಬಿಡಾರದ ಗುರುತಾಗಿ ತೋರಿಸಿದರೆ ಅರ್ಥವೇ ಹೋಗುತ್ತದೆ.

ನೀರಿನ ಪ್ರಮಾಣವನ್ನೂ ಹಾಕಿ ನೋಡಿ. ಒಬ್ಬರಿಗೆ ದಿನಕ್ಕೆ ಐದು ಲೀಟರ್, ಏಳು ದಿನಕ್ಕೆ 35. ಮೇಕೆ ತೊಗಲಿನ ಚೀಲಕ್ಕೆ ಸುಮಾರು 25 ಲೀಟರ್ ಎಂದರೆ, ಒಸರಿ ಆರಿಹೋಗುವುದು ಸೇರಿ ತಲೆಗೆ ಎರಡು ಚೀಲ. ನೂರು ಜನರಿಗೆ 200 ಚೀಲ. ಒಂದು ಒಂಟೆಗೆ ಐದರಂತೆ ನೀರಿಗೇ 40 ಒಂಟೆ ಬೇಕು. ಒಂಟೆಗಳಿಗೆ ಇದರಲ್ಲಿ ಪಾಲಿಲ್ಲ, ಅವು ತಸರಹ್ಲಾದಲ್ಲಿ ಹೊಟ್ಟೆತುಂಬ ಕುಡಿದೇ ಹೊರಡಬೇಕು. ನೀರು ಹೊರುವ ಪ್ರತಿ ಒಂಟೆಯೂ ಉಪ್ಪು ಹೊರದ ಒಂಟೆ. ತಗಾಝಾದ ಒಂದು ಹೊರೆ ಉಪ್ಪು ವಲಾತಾದಲ್ಲಿ ಎಂಟರಿಂದ ಹತ್ತು ಮಿತ್ಕಾಲ್, ಮಾಲಿಯ ರಾಜಧಾನಿಯಲ್ಲಿ ಇಪ್ಪತ್ತರಿಂದ ಮೂವತ್ತು, ಕೆಲವೊಮ್ಮೆ ನಲವತ್ತು. ತಕ್ಷೀಫ್‌ನ ನೂರು ಮಿತ್ಕಾಲ್ ಅಂದರೆ ವಲಾತಾದ ದರದಲ್ಲಿ ಹತ್ತು ಹನ್ನೆರಡು ಒಂಟೆಯ ಉಪ್ಪು. ಅಷ್ಟು ತೆತ್ತು ನಾಲ್ಕು ದಿನದ ನೀರಿನ ಹೊರೆ ಇಳಿಸಿಕೊಳ್ಳುವುದು ದೊಡ್ಡ ಸಾರ್ಥಕ್ಕೆ ಲಾಭವೇ.

ಇನ್ನೊಂದು ಪದರವನ್ನು ಎಲ್ಲರೂ ಮರೆಯುತ್ತಾರೆ: ಚಂದ್ರ. ಈ ಕೊನೆಯ ಹಂತದಲ್ಲಿ ಬಿಸಿಲು ತಾಳಲಾರದೆ ಇಳಿಹೊತ್ತಿನ ಅಸರ್ ನಮಾಜಿನ ನಂತರ ಹೊರಟು ರಾತ್ರಿಯಿಡೀ ನಡೆದು ಬೆಳಿಗ್ಗೆ ಬಿಡಾರ ಹೂಡುತ್ತಿದ್ದರು. ಹಿಜರಿ ತಿಂಗಳು ಅಮಾವಾಸ್ಯೆಯ ಬೆನ್ನಿಗೇ ಶುರುವಾಗುವುದರಿಂದ ತಾರೀಖೇ ತಿಥಿ ಹೇಳುತ್ತದೆ. ನಮ್ಮ ಕೋಷ್ಟಕದ ಪ್ರಕಾರ ತಸರಹ್ಲಾ ಬಿಟ್ಟದ್ದು ಎರಡನೇ ತಿಂಗಳು ಸಫರ್ 19ರ ಆಸುಪಾಸು, ಅಂದರೆ ಕೃಷ್ಣಪಕ್ಷ. ದಿನದಿನಕ್ಕೆ ಚಂದ್ರೋದಯ ತಡವಾಗುತ್ತ, ವಲಾತಾ ಹತ್ತಿರವಾದಂತೆ ರಾತ್ರಿ ಪೂರ್ತಿ ಕತ್ತಲು. ಏಪ್ರಿಲ್ ತಿಂಗಳಲ್ಲಿ ನಕ್ಷತ್ರದ ಬೆಳಕಲ್ಲಿ ನಡೆದ ಸಾರ್ಥ ದೂರದ ಗುಡ್ಡ ನೋಡಿ ದಾರಿ ಹಿಡಿದಿರಲಾರದು. ಹಾಗಾಗಿ ಈ ಭಾಗಕ್ಕೆ ‘ಗುಡ್ಡ ಎಲ್ಲಿಂದ ಕಾಣುತ್ತದೆ’ ಎಂಬ ದೃಶ್ಯವ್ಯಾಪ್ತಿ ವಿಶ್ಲೇಷಣೆ ಮಾಡುವುದು ವ್ಯರ್ಥ. ತಗಾಝಾದ ಉತ್ತರಕ್ಕೆ ಅದು ಉಪಯೋಗಕ್ಕೆ ಬರಬಹುದು.

ಕಂಪ್ಯೂಟರ್ ಕೊಡುವ ‘ಕಡಿಮೆ ಶ್ರಮದ ಹಾದಿ’ಯ ಬಗ್ಗೆಯೂ ಹೇಳಬೇಕು. ಮಾಮೂಲಿ ಸೂತ್ರಗಳು ಇಳಿಜಾರನ್ನೇ ಶ್ರಮವೆಂದು ಲೆಕ್ಕ ಹಾಕುತ್ತವೆ, ಅದೂ ಕಾಲ್ನಡಿಗೆಯ ಮನುಷ್ಯನಿಗೆ. ಸಹಾರಾದಲ್ಲಿ ಶ್ರಮ ಇರುವುದು ನೆಲದ ಗುಣದಲ್ಲಿ ಮತ್ತು ನೀರಿನ ದೂರದಲ್ಲಿ. ಗಟ್ಟಿ ಜಲ್ಲಿ ಬಯಲಿಗೆ 1, ಕಲ್ಲು ಹಾಸಿದ ಹಮಾದಾಕ್ಕೆ 1.5, ಮೆದು ಮರಳಿಗೆ 2, ದಿಬ್ಬದ ಸಾಲನ್ನು ಅಡ್ಡ ದಾಟಲು 6: ಇಂಥ ಅಂಕಿಗಳಿಂದ ಶುರು ಮಾಡಿ, ಅಂಕಿ ಬದಲಿಸುತ್ತ ಹಾದಿ ಎಷ್ಟು ಸರಿಯುತ್ತದೆ ಎಂದು ನೋಡುವುದು ನಮ್ಮ ಪದ್ಧತಿ. ಸ್ವಲ್ಪ ಬದಲಿಸಿದೊಡನೆ 80 ಕಿಲೋಮೀಟರ್ ಹಾರುವ ಹಾದಿಯನ್ನು ನಂಬಬಾರದು. ಎರ್ಗ್ ಇಗೀದಿಯಂಥ ಮರಳ ಸಮುದ್ರದಲ್ಲಿ ದಿಬ್ಬಗಳು ಉದ್ದನೆಯ ಸಾಲುಗಳಾಗಿ ಮಲಗಿರುತ್ತವೆ. ಸಾಲುಗಳ ನಡುವಿನ ಓಣಿಯಲ್ಲಿ ಒಂದು ದಿಕ್ಕಿಗೆ ನಡಿಗೆ ಸಲೀಸು, ಅಡ್ಡಕ್ಕೆ ನರಕ. ದಿಕ್ಕಿನ ಭೇದ ಇಲ್ಲದ ಶ್ರಮಪದರ ಇದನ್ನು ಹಿಡಿಯಲಾರದು. ಬಾಹ್ಯಾಕಾಶದಿಂದ ರೇಡಾರ್ ಬಳಸಿ ಅಳೆದ ಎಸ್‌ಆರ್‌ಟಿಎಂ ಎತ್ತರದ ದತ್ತಾಂಶದಲ್ಲಿ ಒಣ ಮರಳು ರೇಡಾರ್ ಅಲೆಯನ್ನು ಸರಿಯಾಗಿ ಹಿಂದಿರುಗಿಸದ ಕಡೆ ತೂತುಗಳೂ ಇರುತ್ತವೆ. ತೂತನ್ನು ತಂತ್ರಾಂಶ ಸಮತಟ್ಟಾಗಿ ತುಂಬಿದರೆ ಹಾದಿ ಖುಷಿಯಿಂದ ಅಲ್ಲೇ ನುಗ್ಗುತ್ತದೆ.

ಒಂಟೆ ಸವೆಸಿದ ಜಾಡು ಕಾಣಬೇಕೆಂದರೆ 1995ರಲ್ಲಿ ರಹಸ್ಯ ಕಳಚಿದ ಅಮೆರಿಕದ ಕರೋನಾ ಉಪಗ್ರಹದ 1960ರ ದಶಕದ ಚಿತ್ರಗಳು ಬೇಕು. ಅವುಗಳಲ್ಲಿ ಉತ್ತಮವಾದವು ಎರಡು ಮೀಟರಿನಷ್ಟು ಸೂಕ್ಷ್ಮ. ಜಲ್ಲಿ ಬಯಲಿನಲ್ಲಿ ಕಪ್ಪು ಕಲ್ಲು ಸರಿದು ತಿಳಿಬಣ್ಣದ ಗೆರೆಗಳ ಕಟ್ಟು ಕಾಣುತ್ತದೆ, ಜಡೆಯಂತೆ ಕೂಡಿ ಬಿಡಿಸಿಕೊಂಡು ಬಾವಿಯ ಹತ್ತಿರ ಒಂದಾಗುತ್ತದೆ. ಲಾರಿಯ ಜಾಡಾದರೆ ಸಮಾನಾಂತರ ಜೋಡಿ, ಅಗಲ ತಿರುವು. ಆದರೂ ಜಾಡಿಗೆ ವಯಸ್ಸಿನ ಗುರುತಿಲ್ಲ. ತಗಾಝಾವನ್ನು ಹದಿನಾರನೆಯ ಶತಮಾನದ ಕೊನೆಗೆ ಬಿಟ್ಟು ಉಪ್ಪಿನ ವ್ಯಾಪಾರ ಇನ್ನೊಂದು ಗಣಿಯೂರು ತಾವುದೆನ್ನಿಗೆ ಸರಿದದ್ದರಿಂದ, ತಾವುದೆನ್ನಿಯ ಕಡೆ ತಿರುಗುವ ಜಾಡನ್ನು 1352ರ ನಕ್ಷೆಯಿಂದ ತೆಗೆದುಹಾಕಬಹುದು.

ಸರಕಿನ ಪದರದಲ್ಲಿ ನಮ್ಮ ಕಡಲೂ ಬರುತ್ತದೆ. ಹೊನ್ನಾವರ, ಬಾರ್ಕೂರು, ಮಂಗಳೂರುಗಳನ್ನು ಕಂಡು ಬರೆದ ಇದೇ ಇಬ್ನ್ ಬತೂತಾ ಮಾಲ್ಡೀವ್ಸ್‌ನ ಕವಡೆಯನ್ನು ಮಾಲಿಯಲ್ಲೂ ಗಾವೋ ಪಟ್ಟಣದಲ್ಲೂ ಒಂದು ಚಿನ್ನದ ದಿನಾರಿಗೆ 1,150ರಂತೆ ಮಾರುವುದನ್ನು ನೋಡಿದ. ಫ್ರೆಂಚ್ ವಿಜ್ಞಾನಿ ಥಿಯೊಡೋರ್ ಮೊನೊ 1964ರಲ್ಲಿ ಮಾರಿಟೇನಿಯಾದ ಮರಳಲ್ಲಿ ಪತ್ತೆಹಚ್ಚಿದ ಮಾದೆನ್ ಇಜಾಫೆನ್ ಎಂಬ ನೆಲೆಯಲ್ಲಿ ಸುಮಾರು 2,000 ಹಿತ್ತಾಳೆ ಸಲಾಕೆಗಳ ಜೊತೆ ಕವಡೆಯೂ ಇತ್ತು. ದಾರಿತಪ್ಪಿದ ಸಾರ್ಥವೊಂದು ಹೂತಿಟ್ಟು ಮತ್ತೆ ಬರದ ಹೊರೆ. ಇಂಥ ನೆಲೆ ಮಾರ್ಗ ಇಲ್ಲೇ ಹಾದಿತ್ತು ಎನ್ನುವುದಕ್ಕೆ ಪುರಾವೆಯಲ್ಲ, ಸಾರ್ಥ ಮಾರ್ಗ ಬಿಟ್ಟಿತ್ತು ಎನ್ನುವುದಕ್ಕೂ ಆಗಬಹುದು. ಗೆರೆಯನ್ನು ಅದರ ಮೇಲೆ ಎಳೆದು ತರಬೇಡಿ.

ತಗಾಝಾದಲ್ಲಿ ಮನೆ ಮಸೀದಿಗಳು ಉಪ್ಪಿನ ಇಟ್ಟಿಗೆಯವು, ಮಾಡು ಒಂಟೆ ತೊಗಲಿನದು; ಅಗೆಯುತ್ತಿದ್ದವರು ಮಸ್ಸೂಫಾದವರ ಗುಲಾಮರು. ಸಿಜಿಲ್ಮಾಸಾ ಕಡೆಯ ಖರ್ಜೂರ, ದಕ್ಷಿಣದ ಧಾನ್ಯ, ಒಂಟೆಯ ಮಾಂಸ ಬಂದರಷ್ಟೇ ಅವರಿಗೆ ಊಟ. ಇಪ್ಪತ್ತೈದು ದಿನದ ಹಾದಿ ತಡವಾದರೆ ಇಲ್ಲಿ ಹಸಿವು. ಆದ್ದರಿಂದ ಈ ಹಂತಕ್ಕೆ ದಕ್ಷಿಣಕ್ಕೆ ಹೋಗುವ ಉಪ್ಪಿನ ಬಾಣದ ಜೊತೆ ಒಳಬರುವ ಆಹಾರದ ಬಾಣಗಳನ್ನೂ ಹಾಕಬೇಕು. 1353ರಲ್ಲಿ ಇಬ್ನ್ ಬತೂತಾನ ಮರುಪಯಣದಲ್ಲಿ, ಈಗಿನ ನೈಜರ್ ದೇಶದ ತಕದ್ದಾದಿಂದ ಅಲ್ಜೀರಿಯಾದ ತುವಾತ್ ಓಯಸಿಸ್ಸುಗಳಿಗೆ ಹೊರಟ ಸಾರ್ಥದಲ್ಲಿ 600 ಗುಲಾಮ ಹೆಂಗಸರಿದ್ದರು. ಆ ಹಾದಿಯ ಕೋಷ್ಟಕದಲ್ಲಿ ಅವರನ್ನು ಸರಕಿನ ಕಾಲಂಗೆ ತಳ್ಳಿ ಮುಗಿಸುವುದು ಸಲ್ಲದು. ನೀರು ಕುಡಿಯುವ ತಲೆಗಳ ಎಣಿಕೆಗೆ ಅವರೂ ಸೇರಬೇಕು. ತಲೆಗೆ ಎರಡು ಚೀಲದ ಲೆಕ್ಕದಲ್ಲಿ ಅವರ ನೀರಿಗೇ 1,200 ಚೀಲ, 240 ಒಂಟೆ. ಬಾವಿಗಳ ನಡುವೆ ಏಳು ದಿನದ ಅಂತರವಿದ್ದರೆ ಆ ಸಾರ್ಥ ದಾಟಲು ಬೇಕಾಗುತ್ತಿದ್ದದ್ದು ಇಷ್ಟು. ಹಾಗಾಗಿ ಮರುಪಯಣದ ಹಾದಿಯನ್ನು ಹುಡುಕುವಾಗ ಬಾವಿಗಳು ಇನ್ನೂ ಹತ್ತಿರ ಹತ್ತಿರ ಇರುವ ಸಾಲನ್ನು ಮೊದಲು ಪರೀಕ್ಷಿಸಿ.