ಕಳಚಿ ಎಸೆಯಲೆಂದೇ ಹೊತ್ತೊಯ್ದ ಇಂಧನ

ಎರಡನೆಯ ಮಹಾಯುದ್ಧದ ಪಿ-51 ಮಸ್ಟ್ಯಾಂಗ್ ಯುದ್ಧವಿಮಾನದ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಅದರ ಮರ್ಲಿನ್ ಎಂಜಿನ್ನನ್ನು ಹೊಗಳುತ್ತಾರೆ. ಆ ಹೊಗಳಿಕೆ ನ್ಯಾಯವಾದದ್ದೇ. ಆದರೆ ಅದೇ ವಿಮಾನದ ರೆಕ್ಕೆಗಳ ಅಡಿಯಲ್ಲಿ ತೂಗುತ್ತಿದ್ದು, ದಾರಿಯ ನಡುವೆಯೇ ಕಳಚಿ ಬೀಳುತ್ತಿದ್ದ ಹೆಚ್ಚುವರಿ ಇಂಧನದ ತೊಟ್ಟಿಗಳಾದ ಡ್ರಾಪ್ ಟ್ಯಾಂಕುಗಳಿಗೂ ಅಷ್ಟೇ ಪಾಲು ಸಲ್ಲಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

1943ರ ಅಕ್ಟೋಬರ್ 14ರಂದು ಅಮೆರಿಕದ 291 ಬಿ-17 ಬಾಂಬರ್‌ಗಳು ಜರ್ಮನಿಯ ಶ್ವೈನ್‌ಫರ್ಟ್‌ನ ಬಾಲ್‌ಬೇರಿಂಗ್ ಕಾರ್ಖಾನೆಗಳತ್ತ ಹೊರಟವು. ಬೆಂಗಾವಲಿಗಿದ್ದ ಪಿ-47 ಥಂಡರ್‌ಬೋಲ್ಟ್ ಯುದ್ಧವಿಮಾನಗಳು ಇಂಧನ ಸಾಲದೆ ಜರ್ಮನಿಯ ಪಶ್ಚಿಮ ಗಡಿಯ ಆಹೆನ್ ನಗರದ ಆಸುಪಾಸಿನಲ್ಲೇ ಹಿಂದಿರುಗಬೇಕಾಯಿತು. ಆನಂತರ ಒಂಟಿಯಾದ ಬಾಂಬರ್‌ಗಳ ಪೈಕಿ 60 ಮರಳಿ ಬರಲಿಲ್ಲ. 1940ರಲ್ಲಿ ಇದೇ ಸಂಕಟವನ್ನು ಜರ್ಮನ್ನರೂ ಅನುಭವಿಸಿದ್ದರು: ಅವರ ಮೆಸರ್‌ಸ್ಮಿಟ್ 109 ವಿಮಾನಗಳು ಲಂಡನ್ನಿನ ಮೇಲೆ ಹತ್ತು ನಿಮಿಷದಷ್ಟು ಹೊತ್ತು ಮಾತ್ರ ಕಾದಾಡಬಲ್ಲವಾಗಿದ್ದವು.

ಮಸ್ಟ್ಯಾಂಗ್‌ನ ರೆಕ್ಕೆಗಳೊಳಗೆ ಸುಮಾರು 700 ಲೀಟರ್, ಪೈಲಟ್‌ನ ಬೆನ್ನ ಹಿಂದಿನ ಟ್ಯಾಂಕಿನಲ್ಲಿ ಸುಮಾರು 320 ಲೀಟರ್ ಇಂಧನ ಹಿಡಿಯುತ್ತಿತ್ತು. ಹಿಂದಿನ ಟ್ಯಾಂಕು ತುಂಬಿದ್ದಾಗ ಗುರುತ್ವ ಕೇಂದ್ರ ಹಿಂದಕ್ಕೆ ಸರಿದು, ಬಿರುಸಾಗಿ ತಿರುಗಿದರೆ ವಿಮಾನ ಹತೋಟಿ ತಪ್ಪುವ ಅಪಾಯವಿತ್ತು. ಆದ್ದರಿಂದ ಮೇಲೇರಿದ ಮೇಲೆ ಮೊದಲು ಅದರ ಹೆಚ್ಚಿನ ಪಾಲನ್ನು ಉರಿಸಿ, ಬಳಿಕ ಹೊರಗಿನ ಟ್ಯಾಂಕುಗಳಿಗೆ ಬದಲಾಯಿಸಿಕೊಂಡು, ಎರಡು ಬದಿಯ ತೂಕ ಸರಿದೂಗುವಂತೆ ಒಮ್ಮೆ ಎಡದಿಂದ, ಒಮ್ಮೆ ಬಲದಿಂದ ಇಂಧನ ಸೆಳೆಯಬೇಕಿತ್ತು. ಗಾಳಿ ತೆಳುವಾಗುವ ಎತ್ತರದಲ್ಲಿ ಇಂಧನ ತಾನಾಗಿ ಮೇಲೇರದು. ಎಂಜಿನ್ನಿನ ನಿರ್ವಾತ ಪಂಪು ಹೊರಬಿಡುವ ಗಾಳಿಯನ್ನೇ ಟ್ಯಾಂಕಿಗೆ ಹಾಯಿಸಿ ಒತ್ತಡ ಕೊಡುತ್ತಿದ್ದರು. ಹೊರಗಿನ ಭಾರ ಹೊತ್ತು ಚುರುಕಾಗಿ ಕಾದಾಡಲಾಗದು; ಶತ್ರು ಎದುರಾದ ಕ್ಷಣದಲ್ಲಿ ಆ ಟ್ಯಾಂಕುಗಳನ್ನು ಕಳಚಲೇಬೇಕಾದ್ದರಿಂದ, ಕಾದಾಟಕ್ಕೂ ಮನೆ ಸೇರುವುದಕ್ಕೂ ಒಡಲಿನೊಳಗೆ ಉಳಿದದ್ದಷ್ಟೇ ಆಧಾರ. ವಿಮಾನ ಎಷ್ಟು ದೂರ ಹೋಗಬಹುದೆಂಬುದನ್ನು ಕೊನೆಗೆ ನಿರ್ಧರಿಸುತ್ತಿದ್ದದ್ದು ಈ ಉಳಿಕೆಯೇ.

ನನ್ನನ್ನು ಎಲ್ಲಕ್ಕಿಂತ ಹೆಚ್ಚು ಸೆಳೆದದ್ದು ಬ್ರಿಟನ್ನಿನಲ್ಲಿ ತಯಾರಾದ ಕಾಗದದ ಟ್ಯಾಂಕು. ದಪ್ಪ ಕಾಗದದ ಪದರಗಳನ್ನು ರಾಳದ ಅಂಟಿನಿಂದ ಬೆಸೆದು ಮಾಡಿದ ಇದರಲ್ಲಿ 108 ಅಮೆರಿಕನ್ ಗ್ಯಾಲನ್, ಅಂದರೆ ಸುಮಾರು 410 ಲೀಟರ್ ಹಿಡಿಯುತ್ತಿತ್ತು. ಇಂಧನವನ್ನು ಬಹಳ ಹೊತ್ತು ತುಂಬಿಟ್ಟರೆ ಅಂಟು ಸಡಿಲಗೊಂಡು ಸೋರುತ್ತಿದ್ದುದರಿಂದ ಹೊರಡುವ ಮುಂಚೆಯಷ್ಟೇ ತುಂಬಬೇಕಿತ್ತು. ಒಂದೇ ಹಾರಾಟದಲ್ಲಿ ಎಸೆದುಬಿಡುವ ವಸ್ತುವಿಗೆ ಅದು ಕೊರತೆಯಲ್ಲ. ವಿರಳವಾಗಿದ್ದ ಲೋಹವೂ ಉಳಿಯಿತು, ಶತ್ರುವಿನ ನೆಲದ ಮೇಲೆ ಬಿದ್ದದ್ದು ಅವನ ಕಾರ್ಖಾನೆಗೆ ಅಲ್ಯೂಮಿನಿಯಂ ಆಗಿ ಒದಗಲೂ ಇಲ್ಲ. 1944ರ ಮಾರ್ಚ್ ಮೊದಲ ವಾರದಲ್ಲಿ, ಇಂಥ ಹೊರ ಟ್ಯಾಂಕುಗಳ ನೆರವಿನಿಂದ ಮಸ್ಟ್ಯಾಂಗ್‌ಗಳು ಬಾಂಬರ್‌ಗಳ ಜೊತೆಗೆ ಬರ್ಲಿನ್ನಿನವರೆಗೂ ಹೋದವು.

ಇದಕ್ಕೆ ಜರ್ಮನ್ನರ ಮುಂದೆ ಸರಳವಾದ ಪ್ರತಿತಂತ್ರವೊಂದಿತ್ತು: ಬೆಂಗಾವಲು ವಿಮಾನಗಳನ್ನು ಕರಾವಳಿಯಲ್ಲೇ ಕೆಣಕಿದ್ದರೆ ಅವು ತುಂಬಿದ ಟ್ಯಾಂಕುಗಳನ್ನು ಅಲ್ಲಿಯೇ ಕಳಚಿ ಹಿಂದಿರುಗಬೇಕಾಗುತ್ತಿತ್ತು. ಆದರೆ ಬೆಂಗಾವಲನ್ನು ತಪ್ಪಿಸಿಕೊಂಡು ಬಾಂಬರ್‌ಗಳ ಮೇಲೆಯೇ ಎರಗಬೇಕೆಂಬುದು ಜರ್ಮನ್ ಪೈಲಟ್‌ಗಳಿಗಿದ್ದ ಆದೇಶ. ಆ ಆದೇಶ ಅವರಿಗೆ ಬಹಳ ದುಬಾರಿಯಾಯಿತೆಂದೇ ನನಗನ್ನಿಸುತ್ತದೆ.

ಜೆಟ್ ಯುಗದಲ್ಲಿಯೂ ಲೆಕ್ಕಾಚಾರ ಬಹುಮಟ್ಟಿಗೆ ಇದೇ. ಹೊರಗೆ ತೂಗುವ ಟ್ಯಾಂಕು ಗಾಳಿಯ ತಡೆಯನ್ನು ಹೆಚ್ಚಿಸಿ ತನ್ನೊಳಗಿನ ಇಂಧನದ ಒಂದು ಪಾಲನ್ನು ತಾನೇ ನುಂಗುತ್ತದೆ. ಅದಲ್ಲದೆ ಬಾಂಬು, ಕ್ಷಿಪಣಿಗಳಿಗೆ ಬೇಕಾದ ಜಾಗವನ್ನೂ ಹಿಡಿಯುತ್ತದೆ. ಭಾರತೀಯ ವಾಯುಪಡೆಯಲ್ಲಿದ್ದ ಪುಟ್ಟ ನ್ಯಾಟ್ ಜೆಟ್ ಯುದ್ಧವಿಮಾನದಲ್ಲಿ ಈ ಇಕ್ಕಟ್ಟು ಇನ್ನೂ ತೀವ್ರವಾಗಿತ್ತು. ಬೆಂಗಳೂರಿನ ಎಚ್‌ಎಎಲ್ ಅದನ್ನು ಸುಧಾರಿಸಿ 1970ರ ದಶಕದಲ್ಲಿ ಅಜೀತ್ ವಿಮಾನವನ್ನು ರೂಪಿಸಿದಾಗ, ರೆಕ್ಕೆಯ ಒಳಭಾಗವನ್ನೇ ಇಂಧನದ ಟ್ಯಾಂಕಾಗಿಸಿ, ರೆಕ್ಕೆಯಡಿಯ ಜಾಗವನ್ನು ಶಸ್ತ್ರಾಸ್ತ್ರಗಳಿಗೆ ಬಿಟ್ಟುಕೊಟ್ಟಿತು. ಸುಖೋಯ್-30 ಎಂಕೆಐನಂಥ ದೊಡ್ಡ ವಿಮಾನಕ್ಕೆ ಒಡಲಿನಲ್ಲೇ ಒಂಬತ್ತು ಟನ್ನಿಗೂ ಮಿಕ್ಕ ಇಂಧನ ಹಿಡಿಯುವುದರಿಂದ ಡ್ರಾಪ್ ಟ್ಯಾಂಕಿನ ಹಂಗಿಲ್ಲ. ಹಗುರವಾದ ತೇಜಸ್‌ಗೆ ಅಂಥ ಅನುಕೂಲವಿಲ್ಲ; ದೂರದ ಹಾರಾಟಕ್ಕೆ ಅದು ಇಂದಿಗೂ ರೆಕ್ಕೆಗಳ ಅಡಿಯಲ್ಲಿ ಟ್ಯಾಂಕುಗಳನ್ನು ಹೊತ್ತೇ ಏರಬೇಕು.