ಮಾರ್ಕರ್ ಮತ್ತು ಕಾಡುಗೆಣಸು

ರಾತ್ರಿ ಸುಮ್ನೆ ರಸೆಲ್ ಮಾರ್ಕರ್ ಬರೆದ ಹಳೇ ಸ್ಟೆರಾಯ್ಡ್ ಲೇಖನಗಳನ್ನು ತಿರುವಿ ಹಾಕುತ್ತಿದ್ದೆ. 1942ರಲ್ಲಿ ಈ ಅಮೆರಿಕನ್ ಕೆಮಿಸ್ಟ್ ಕಾಡುಗೆಣಸು ಹುಡುಕಿಕೊಂಡು ಮೆಕ್ಸಿಕೋದ ವೆರಾಕ್ರೂಸ್‌ಗೆ ಹೋದರು. ಸಿಕ್ಕಿದ ಎರಡು ಮೂಟೆ ಬಸ್ಸಿನ ಮೇಲಿಂದಲೇ ಮಾಯ! ಪೊಲೀಸನ ಕೈ ಬೆಚ್ಚಗೆ ಮಾಡಿದ ಮೇಲೆ ಒಂದು ಮಾತ್ರ ವಾಪಸ್ ಬಂತಂತೆ.

ಆ ಗೆಡ್ಡೆಯಲ್ಲಿ ಡಯೋಸ್ಜೆನಿನ್ ಎಂಬ ಸ್ಟೆರಾಯ್ಡ್ ವಸ್ತು ಇತ್ತು. ಅದರ ಅಣುವಿನಲ್ಲಿರುವ ನಾಲ್ಕು ಇಂಗಾಲದ ಉಂಗುರಗಳ ಚೌಕಟ್ಟು ಉಳಿಸಿಕೊಂಡು, ಬೇಡದ ಬಾಲ ಕತ್ತರಿಸಿ, ಇನ್ನೊಂದಿಷ್ಟು ತಿದ್ದಿದರೆ ಪ್ರೊಜೆಸ್ಟೆರಾನ್ ಎಂಬ ಸ್ತ್ರೀ ಹಾರ್ಮೋನ್. ಚಿಟಿಕೆ ಲೆಕ್ಕದಲ್ಲಿ ಸಿಗುತ್ತಿದ್ದ ಹಾರ್ಮೋನ್ ಕಿಲೋ ಲೆಕ್ಕಕ್ಕೆ ಬಂತು. ಲೇಖನದಲ್ಲಿ ಇಳುವರಿ, ಕರಗುವ ಬಿಂದು ಎಲ್ಲ ಇದೆ. ಮೂಟೆಯ ಸುದ್ದಿ ಮಾತ್ರ ಇಲ್ಲ.

1949ರಲ್ಲಿ ಮಾರ್ಕರ್ ಕೆಮಿಸ್ಟ್ರಿಯನ್ನೇ ಬಿಟ್ಟರು, ನೋಟ್‌ಬುಕ್‌ಗಳನ್ನೂ ನಾಶ ಮಾಡಿದರಂತೆ. ಆಮೇಲೆ ಹಳೇ ಬೆಳ್ಳಿ ಸಾಮಾನಿನ ನಕಲು ಮಾಡಿಸುವ ವ್ಯಾಪಾರ. ಎಂಥ ಮನುಷ್ಯ, ಅಲ್ವಾ?