ಬಾಲ ಇಲ್ಲದ ಸಿಂಹ

ಹೋದ ಭಾನುವಾರ ಪಕ್ಕದ ಮನೆ ಹುಡುಗಿ ನನ್ನನ್ನು ಒಂದು ಪ್ರಶ್ನೆ ಕೇಳಿದಳು. ಉತ್ತರ ಕೊಡೋಕೆ ನನಗೆ ನಾಲ್ಕು ದಿನ ಬೇಕಾಯ್ತು.

ಬಾಸ್ಟನ್ ಹತ್ತಿರದ ನಮ್ಮ ಬೀದಿಯಲ್ಲಿ ಕಾಲೇಜು ಮಕ್ಕಳೇ ಜಾಸ್ತಿ. ಪಕ್ಕದ ಮನೆಯ ಮಹಡಿಯಲ್ಲಿ ಮೂವರು ಹುಡುಗಿಯರು ಬಾಡಿಗೆಗಿದ್ದಾರೆ. ಒಬ್ಬಳು ಕೊರಿಯಾದವಳು, ಒಬ್ಬಳು ಕ್ಯಾಲಿಫೋರ್ನಿಯಾದ ಪಂಜಾಬಿ, ಇನ್ನೊಬ್ಬಳು ಯಹೂದಿ. ಇವಳು ಓದುತ್ತಿರುವುದು ಚಿತ್ರಕಲೆ. ಇವಳ ಹಬ್ಬಗಳ ಸಾಲು ಈ ಸಲ ನಮ್ಮ ನವರಾತ್ರಿಯ ಕೈ ಹಿಡಿದುಕೊಂಡೇ ಬಂತು. 2025ರ ಸೆಪ್ಟೆಂಬರ್ 22ಕ್ಕೆ ನಮ್ಮ ಪಾಡ್ಯ, ಅವತ್ತು ಸಂಜೆಗೇ ಅವರ ಹೊಸ ವರ್ಷ ರೋಶ್ ಹಶಾನಾ. ನಮ್ಮ ವಿಜಯದಶಮಿಯ ದಿನವೇ ಅವರ ಯೋಮ್ ಕಿಪ್ಪುರ್, ನೀರೂ ಮುಟ್ಟದ ಉಪವಾಸ. ಅವರದ್ದೂ ಚಂದ್ರನ ಲೆಕ್ಕವೇ. 19 ವರ್ಷದಲ್ಲಿ 7 ಸಲ ಅವರಿಗೂ ಅಧಿಕ ಮಾಸ ಬರುತ್ತದಂತೆ.

ವಿಜಯದಶಮಿ ರಾತ್ರಿ ಹಿತ್ತಲಲ್ಲಿ ಟಕ್ ಟಕ್ ಸದ್ದು. ಕಿಟಕಿಯಿಂದ ನೋಡಿದರೆ ಇವಳು ಮರದ ಹಲಗೆಗೆ ಮೊಳೆ ಹೊಡೆಯುತ್ತಿದ್ದಾಳೆ. ಇಪ್ಪತ್ತೈದು ಗಂಟೆ ಹೊಟ್ಟೆಗೆ ಏನೂ ಇಲ್ಲದೆ ಇದ್ದವಳು, ಉಪವಾಸ ಬಿಟ್ಟು ಒಂದು ಗಂಟೆಯೂ ಆಗಿರಲಿಲ್ಲ. ಮುಂದಿನ ಹಬ್ಬ ಸುಕ್ಕೋತ್, ಹುಣ್ಣಿಮೆಗೆ ಶುರು. ಅದರ ಚಪ್ಪರದ ಮೊದಲ ಮೊಳೆಯನ್ನು ಅದೇ ರಾತ್ರಿ ಹೊಡೆಯುವುದು ಪದ್ಧತಿ.

ಚಪ್ಪರ ಅಂದೆನಲ್ಲ, ಸುಮ್ನೆ ಹೋಲಿಕೆಗೆ ಅಂದಿದ್ದಲ್ಲ. ಅದು ಚಪ್ಪರವೇ. ಮೇಲೆ ಹೊದಿಸುವುದು ನೆಲದಲ್ಲಿ ಬೆಳೆದು, ಕಡಿದು ತಂದ ಸೊಪ್ಪು, ಕೊಂಬೆಯಂಥದ್ದೇ ಆಗಬೇಕು. ಹಗಲಲ್ಲಿ ಬಿಸಿಲಿಗಿಂತ ನೆರಳು ಜಾಸ್ತಿ ಇರಬೇಕು, ರಾತ್ರಿ ಸಂದಿಯಿಂದ ನಕ್ಷತ್ರ ಕಾಣಬೇಕು. ಏಳು ದಿನ ಊಟವೆಲ್ಲ ಅದರ ಕೆಳಗೇ. ಈಜಿಪ್ಟ್ ಬಿಟ್ಟು ಹೊರಟ ಹಿರಿಯರು ಮರುಭೂಮಿಯಲ್ಲಿ ಹೀಗೇ ಇದ್ದರು ಅನ್ನುವ ನೆನಪು ಒಂದು ಕಡೆ, ಬೆಳೆ ಕೈಗೆ ಬಂದ ಸಂತೋಷ ಇನ್ನೊಂದು ಕಡೆ. ಭಾನುವಾರ ಕೊರಿಯಾದ ಹುಡುಗಿ ಏಣಿ ಹಿಡಿದಿದ್ದಳು, ಪಂಜಾಬಿ ಹುಡುಗಿ ಕೆಳಗಿನಿಂದ ಕೊಂಬೆ ಕೊಡುತ್ತಿದ್ದಳು. ನಾನೂ ಹೋಗಿ ನಾಲ್ಕು ಕೊಂಬೆ ಎತ್ತಿಕೊಟ್ಟೆ. ಮಲೆನಾಡಿನವನಿಗೆ ಚಪ್ಪರ ಹಾಕುವುದು ಹೇಳಿಕೊಡಬೇಕಾ?

ಅವಳು ಕಾಗದ ಕತ್ತರಿಸಿ ಚಿತ್ರ ಮಾಡುತ್ತಾಳೆ. ಅದು ಯಹೂದಿಗಳ ಹಳೇ ಕಲೆ. ಹಾಳೆಯನ್ನು ಎರಡಾಗಿ ಮಡಚಿ, ಸಣ್ಣ ಬ್ಲೇಡಿನಲ್ಲಿ ಕೊರೆದು ಬಿಡಿಸಿದರೆ ಎರಡೂ ಕಡೆ ಒಂದೇ ಥರ. ದಾಳಿಂಬೆ ಬಳ್ಳಿ, ನಡುವೆ ಏಳು ಕವಲಿನ ದೀಪ, ಆಚೀಚೆ ಎದುರುಬದುರು ನಿಂತ ಸಿಂಹಗಳು. ಸಿಂಹದ ಕೇಸರ ಕೊರೆಯುವಾಗ ಅವಳು ಉಸಿರು ಬಿಗಿಹಿಡಿದುಕೊಂಡಿದ್ದಳು. ಒಂದೊಂದು ಕೂದಲೂ ಬೇರೆ ಬೇರೆ. ಹಾಳೆ ಬಿಡಿಸುವಾಗ ಬಲಗಡೆಯ ಸಿಂಹದ ಬಾಲ ಕಿತ್ತು ಬಂತು. ನಾನು ಅಯ್ಯೋ ಅಂದೆ. ಅವಳು ಬಾಲವನ್ನು ಜೇಬಿಗೆ ಹಾಕಿಕೊಂಡು, "ಇರಲಿ, ಇದಕ್ಕೆ ನೊಣ ಓಡಿಸೋ ಕೆಲಸ ಇಲ್ವಲ್ಲ" ಅಂದಳು.

"ಮಳೆ ಬಂದರೆ ಎಲ್ಲಾ ಹೋಗುತ್ತಲ್ಲ, ಲ್ಯಾಮಿನೇಶನ್ ಮಾಡಿಸಬಾರದಾ?" ಅಂತ ಕೇಳಿದೆ.

"ಹೋದರೆ ಮುಂದಿನ ವರ್ಷ ಮತ್ತೆ ಕತ್ತರಿಸ್ತೀನಿ. ಈ ಹುಣ್ಣಿಮೆಗೆ ನಿಮ್ಮ ಕಡೆ ಏನು ಮಾಡ್ತೀರಿ?"

"ಏನಿಲ್ಲ," ಅಂದೆ. "ನಮ್ಮದು ದಸರೆಗೇ ಮುಗೀತು."

ಅವಳ ಹಬ್ಬಗಳಿಂದ ಅವಳಿಗೆ ಕಷ್ಟ ಇಲ್ಲ ಅಂತಲ್ಲ. ಚಿತ್ರದ ಕ್ಲಾಸು ಮಂಗಳವಾರ. ಹಬ್ಬದ ಈ ದಿನಗಳಲ್ಲಿ ಬರೆಯುವ ಹಾಗಿಲ್ಲ, ಕತ್ತರಿಸುವ ಹಾಗಿಲ್ಲ, ಫೋನೂ ಇಲ್ಲ. ನಾಲ್ಕು ಮಂಗಳವಾರದಲ್ಲಿ ಮೂರು ಹಬ್ಬಕ್ಕೇ ಹೋಗುತ್ತವೆ. "ಎಷ್ಟು ಹಬ್ಬ ನಿನಗೆ?" ಅಂತ ಮೇಷ್ಟ್ರು ಎಲ್ಲರೆದುರು ಕೇಳಿದರಂತೆ. ಇವಳು ತಾರೀಖುಗಳ ಪಟ್ಟಿಯನ್ನು ಇನ್ನೊಂದು ಸಲ ಕೊಟ್ಟು ಬಂದಳಂತೆ. ನಾನು ಇಲ್ಲಿಗೆ ಬಂದು ಹದಿನಾರು ವರ್ಷ. ಹಬ್ಬ ಅಂತ ಹೇಳಿ ಒಂದು ದಿನ ರಜೆ ಕೇಳಿದವನಲ್ಲ. ದೀಪಾವಳಿಗೆ ಪ್ರತಿ ವರ್ಷ ನನಗೆ ಹಲ್ಲುನೋವು.

ನಮ್ಮ ಮನೆಯ ಅಡುಗೆ ಅವಳು ತಿನ್ನುವುದಿಲ್ಲ. ಪಾತ್ರೆಗೂ ಅವರಲ್ಲಿ ನಿಯಮ. ಅದನ್ನು ಮೊದಲ ವಾರವೇ ಹೇಳಿ, ಒಂದು ಸೇಬು ತಗೊಂಡು, "ಹಬ್ಬಕ್ಕೆ ನೀವೇ ನಮ್ಮಲ್ಲಿಗೆ ಊಟಕ್ಕೆ ಬನ್ನಿ" ಅಂದಳು. ಊರಲ್ಲೂ ನಮ್ಮ ಮನೆಯಲ್ಲಿ ತಿನ್ನದವರಿದ್ದರು. ಅವರು ಯಾವತ್ತೂ ತಮ್ಮ ಮನೆಗೆ ಕರೆಯಲಿಲ್ಲ. ಜಗಲಿಯ ಕೊನೆಯಲ್ಲಿ ಕೂರಿಸಿ ಬೇರೆ ಲೋಟದಲ್ಲಿ ಕಾಫಿ ಕೊಡುತ್ತಿದ್ದರು.

ಸೋಮವಾರ ಅಕ್ಟೋಬರ್ 6. ಚಪ್ಪರದ ಕೆಳಗೆ ಊಟ ಮುಗಿಸಿ ಮನೆಗೆ ಬಂದಾಗ ಎಂಟು ಗಂಟೆ. ಸಂದಿಯಲ್ಲಿ ನಕ್ಷತ್ರಕ್ಕಿಂತ ಚಂದ್ರನೇ ಜೋರಾಗಿದ್ದ. ಯಾಕೋ ಅಮ್ಮನಿಗೆ ಫೋನ್ ಮಾಡಿದೆ. ಸೊರಬದ ಹತ್ತಿರದ ನಮ್ಮೂರಲ್ಲಿ ಬೆಳಗಿನ ಜಾವ ಐದೂವರೆ. ಅಮ್ಮ ಆಗಲೇ ಎದ್ದಿದ್ದಳು. ಎದ್ದಿದ್ದಳು ಅಂದರೆ, ಮಲಗೇ ಇರಲಿಲ್ಲ.

"ಭೂಮಿ ಹುಣ್ಣಿಮೆ ಕಣೋ! ಮರ್ತೇಬಿಟ್ಯಾ? ಗದ್ದೆಗೆ ಹೊರಟಿದೀವಿ, ಆಮೇಲೆ ಮಾಡು" ಅಂತ ಇಟ್ಟುಬಿಟ್ಟಳು.

ಫೋನ್ ಹಿಡಿದುಕೊಂಡು ಹಾಗೇ ಕೂತೆ. ಏನಿಲ್ಲ ಅಂದಿದ್ದೆನಲ್ಲ! ನಾವು ದೀವರು, ಮಲೆನಾಡಿನ ಬೇಸಾಯದ ಜನ. ಭತ್ತ ಹೊಡೆಯಾಗುವ, ತೆನೆ ಇನ್ನೂ ಒಳಗೇ ಇರುವ ಹೊತ್ತಿಗೆ ಭೂಮಿ ಬಸುರಿ, ಅವಳಿಗೆ ಬಯಕೆ ಊಟ ಹಾಕುವ ಹಬ್ಬ ಇದು. ದಸರೆ ಹೊತ್ತಿಗೇ ಬಿದಿರಿನ ಬುಟ್ಟಿಗೆ ಸಗಣಿ ಸಾರಿಸಿ, ಕೆಮ್ಮಣ್ಣು ಹಚ್ಚುತ್ತಾರೆ. ಅದರ ಮೇಲೆ ಅಮ್ಮ ಪುಂಡಿ ನಾರಿನ ಕುಂಚವನ್ನು ಅಕ್ಕಿ ಹಿಟ್ಟಿಗೆ ಅದ್ದಿ ಚಿತ್ತಾರ ಬರೆಯುತ್ತಿದ್ದಳು. ಗೆರೆ ಎಳೆಯುವಾಗ ಅವಳೂ ಉಸಿರು ಬಿಡುತ್ತಿರಲಿಲ್ಲ. ರಾತ್ರಿಯೆಲ್ಲ ಅಡುಗೆ. ಬೆಳಕು ಹರಿಯುವ ಮೊದಲು ಬುಟ್ಟಿ ಹೊತ್ತು ಗದ್ದೆಗೆ. ತರಾವರಿ ಸೊಪ್ಪು ಬೇಯಿಸಿದ ಹಚ್ಚಂಬಲಿಯನ್ನು ಬೀರುತ್ತಾ ಅಪ್ಪ ಕೂಗುತ್ತಿದ್ದ, ನಾನು ಹಿಂದೆ ದೊಂದಿ ಹಿಡಿದಿರುತ್ತಿದ್ದೆ. ಶಿವಮೊಗ್ಗಕ್ಕೆ ಕಾಲೇಜಿಗೆ ಹೋದ ಮೇಲೆ ಒಂದು ವರ್ಷವೂ ಹೋಗಲಿಲ್ಲ. ರೂಮಿನವರು ಕೇಳಿದರೆ ಏನು ಹೇಳುವುದು ಅಂತ.

ಇನ್ನೊಂದೂ ಇದೆ. ಮನೆ ರಿಪೇರಿಗೆ ಇಲ್ಲಿಂದ ದುಡ್ಡು ಕಳಿಸಿದವನು ನಾನೇ. ಗೋಡೆಗೆ ಬಿಳಿ ಡಿಸ್ಟೆಂಪರ್ ಹೊಡೆಸಿ ಅಂದವನೂ ನಾನೇ. ಅಮ್ಮನ ಹಸೆ ಚಿತ್ತಾರ ಅದರ ಅಡಿಗೆ ಹೋಯಿತು. ಒಂದು ಫೋಟೋ ತೆಗೆದಿರಲಿಲ್ಲ.

ತಮ್ಮನಿಗೆ ಹೇಳಿ ಬುಟ್ಟಿಯ ಫೋಟೋ ತರಿಸಿದೆ. ಗುರುವಾರ ಪಕ್ಕದ ಮನೆ ಹುಡುಗಿಗೆ ಮತ್ತೆ ಫೋನ್ ನೋಡುವ ದಿನ. ಅಷ್ಟರಲ್ಲಿ ಚಳಿ ಶುರುವಾಗಿತ್ತು, ಕೋಟು ಹಾಕಿಕೊಂಡೇ ಚಪ್ಪರದಲ್ಲಿ ತಿಂಡಿ ತಿನ್ನುತ್ತಿದ್ದಳು. ನಾನು ಹೇಳಿದ್ದು ಸುಳ್ಳು, ನಮ್ಮಲ್ಲೂ ಇದೆ ಅಂತ ಫೋಟೋ ಕೊಟ್ಟೆ. ಬೆರಳಲ್ಲಿ ದೊಡ್ಡದು ಮಾಡಿ ಮಾಡಿ ನೋಡಿದಳು. ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ, "ಇಲ್ಲಿ, ಈ ಏಣಿಯ ಚಿತ್ರದಲ್ಲಿ ಒಂದು ಗೆರೆ ಬಿಟ್ಟುಹೋಗಿದೆ" ಅಂದಳು.

ನಾನು ನೋಡಿಯೇ ಇರಲಿಲ್ಲ. ರಾತ್ರಿ ಅಮ್ಮನಿಗೆ ಹೇಳಿದೆ.

"ಕಣ್ಣು ಸರಿಯಾಗಿ ಕಾಣಲ್ಲ ಈಗ," ಅಂದಳು ಅಮ್ಮ. "ಅಷ್ಟು ಚೆನ್ನಾಗಿ ಕಾಣೋಳು ಬರೋ ವರ್ಷ ಬಂದು ಬರೀಲಿ. ನೀನೂ ಬಾ, ದೊಂದಿ ಹಿಡಿಯೋಕೆ ಜನ ಇಲ್ಲ."